ಠೇವಣಿ

ಚುನಾವಣೆ ಘೋಷಣೆಯಾದ ಮಾರನೇ ಬೆಳಿಗ್ಗೆಯಿಂದ
ಆಲೂರು ಠಾಣೆಯ ಜಗಲಿಗೆ ಕೋವಿಗಳು ಬರುತ್ತವೆ,
ಗೋಣಿಚೀಲದಲ್ಲಿ, ಹಳೇ ಪಂಚೆಯಲ್ಲಿ,
ಒಂದಂತೂ ಮಗುವಿನ ಕೌದಿಯಲ್ಲಿ.
ನಾನು ರೈಟರ್. ನಂಬರು, ಒಂಟಿ ನಳಿಕೆಯೋ ಜೋಡಿಯೋ,
ಹೆಸರು, ಊರು, ಸಹಿ.
ಆಮೇಲೆ ರಟ್ಟಿನ ಚೀಟಿಗೆ ದಾರ ಪೋಣಿಸಿ
ಕುದುರೆಯ ಪಕ್ಕ ಓಲೆಯಂತೆ ಕಟ್ಟುವುದು.

ಬೆಳೆ ರಕ್ಷಣೆ, ಬೆಳೆ ರಕ್ಷಣೆ, ಎಲ್ಲರ ಲೈಸೆನ್ಸಿನಲ್ಲೂ ಅದೇ.
ಪಾಳ್ಯದ ಧರ್ಮಪ್ಪಗೌಡರದು ಮೂರು:
ಒಂದು ಹಂದಿಗೆ, ಒಂದು ಮಂಗನಿಗೆ.
ಮೂರನೆಯದು?
"ಗೋಡೆಗೆ ಕಣಮ್ಮ. ನೆಂಟ್ರು ಬಂದಾಗ ನೋಡ್ಲಿ ಅಂತ."
ಜವರಮ್ಮನದು ಗಂಡನಿಂದ ಬಂದದ್ದು, ಒಮ್ಮೆಯೂ ಹೊಡೆದಿಲ್ಲ,
ಶುಂಠಿ ಹೊಲದ ಗುಡಿಸಲಲ್ಲಿ ಪಕ್ಕಕ್ಕೆ ಮಲಗಿಸಿಕೊಳ್ಳುತ್ತಾಳೆ.
"ಆನೆ ಇದಕ್ಕೆಲ್ಲ ಹೆದರಲ್ಲ ಮೇಡಂ.
ಆನೆಗೆ ಅಂತ ನಾನಿಟ್ಕಂಡಿಲ್ಲ."
ಇದನ್ನು ಬರೆಯುವ ಕಾಲಂ ನನ್ನ ಪುಸ್ತಕದಲ್ಲಿಲ್ಲ.

ಹವಾಲ್ದಾರ್ ಮ್ಯಾಕ್ಸಿಂ ಡಿಸೋಜ ಕಾಗದ ಹಿಡಿದು ಬಂದರು:
ಬ್ಯಾಂಕಿನ ಕಾವಲು, ಹಾಗಾಗಿ ವಿನಾಯಿತಿ.
ಇಪ್ಪತ್ತೆರಡು ವರ್ಷ ದೇಶದ ಬಾಗಿಲು ಕಾದವರಿಗೆ
ಈಗ ಕಬ್ಬಿಣದ ಸ್ಟೂಲು, ಜೋಡಿ ನಳಿಕೆ, ಎರಡೇ ತೋಟಾ.
"ಅದ್ರಲ್ಲೊಂದಕ್ಕೆ ನನ್ ಮಗಳಿಗಿಂತ ವಯಸ್ಸಾಗಿದೆ."

ಅವರ ಹಿಂದೆ ನಿಂತಿದ್ದ ಮಿಥುನ,
ನಾಲ್ಕು ವರ್ಷ ಮುಗಿಸಿ ಬಂದವನು.
ನಾಲ್ವರಲ್ಲಿ ಒಬ್ಬನನ್ನು ಇಟ್ಟುಕೊಳ್ಳುತ್ತಾರೆ;
ಇವನು ಆ ಮೂವರಲ್ಲಿ.
ತಂದದ್ದು ಅಜ್ಜನ ಕೇಪಿನ ಕೋವಿ. ಅಜ್ಜ ಆಷಾಢದಲ್ಲಿ ಹೋದ,
ಅವನ ಜೊತೆಗೇ ಅವನ ಲೈಸೆನ್ಸೂ.
ವಾರಸುದಾರರ ಫಾರಂ ಕೊಟ್ಟೆ.
'ಆಯುಧ ಬಳಸಲು ಬರುತ್ತದೆಯೇ?' ಎಂಬಲ್ಲಿ ನಕ್ಕ,
ಬೋಲ್ಟು ಎಳೆದಾಗ ಬರುವಷ್ಟೇ ಸದ್ದು.
'ಏತಕ್ಕೆ ಬೇಕು?' ಎಂಬಲ್ಲಿ
ಪೆನ್ನು ನಿಂತಿತು.

"ನಾಲ್ಕು ವರ್ಷಕ್ಕೆ ಏನು ಕಲೀತಾರೆ?" ಅಂದರು ಮ್ಯಾಕ್ಸಿಂ, ನನ್ನನ್ನು ನೋಡುತ್ತ.
"ನಡುರಾತ್ರಿ ಎದ್ದು ಕೂರೋದು ಕಲೀತಾರೆ.
ತಿರುಗಿ ಮಲಗೋದು ಕಲಿಯಕ್ಕೆ ಇನ್ನೂ ಹದಿನೈದು ಬೇಕು."
ಹುಡುಗ ತಲೆ ಎತ್ತಲಿಲ್ಲ.
"ಹದಿನೈದು ಅಂದಿದ್ರೆ ಅಮ್ಮ ಕಳಿಸ್ತಾನೇ ಇರ್ಲಿಲ್ಲ ಸರ್.
ನಾಲ್ಕು ಅಂದಿದ್ದಕ್ಕೇ ಕಳಿಸಿದ್ದು."
ಮ್ಯಾಕ್ಸಿಂ ಟೋಪಿ ತೆಗೆದು, ಒಳಗೆ ನೋಡಿ, ಹಾಕಿಕೊಂಡರು.

ಹೋಗುವಾಗ ಅವನ ಕಣ್ಣು ಮೂಲೆಯ ರಾಶಿಗೆ ಬಿತ್ತು.
ಎಲ್ಲಕ್ಕೂ ತುಕ್ಕು. "ಎಣ್ಣೆ ಇದ್ಯಾ ಮೇಡಂ?"
ಕೊಬ್ಬರಿ ಎಣ್ಣೆ ಆಗಲ್ಲ ಅಂದ,
ಎದುರಿನ ಟೈಲರ್ ಹತ್ತಿರ ಮಿಷನ್ನಿನ ಎಣ್ಣೆ ಬೇಡಿ ತಂದ.
ನಿಯಮದ ಪ್ರಕಾರ ನಾನು ತಡೆಯಬೇಕಿತ್ತು.
ಸಂಜೆಯ ಹೊತ್ತಿಗೆ ಹತ್ತೊಂಬತ್ತು ಕೋವಿ,
ಒಂದರ ಬಾಯೂ ಮನುಷ್ಯರ ಕಡೆ ತಿರುಗಲಿಲ್ಲ.
ನಡುವೆ ಒಂದೇ ಮಾತು:
ಅಲ್ಲಿ ರೈಫಲಿನ ಪಟ್ಟಿ ಮಣಿಕಟ್ಟಿಗೆ ಕಟ್ಟಿಕೊಂಡು ಮಲಗುತ್ತಿದ್ದನಂತೆ,
ಕೈ ಈಗಲೂ ರಾತ್ರಿ ಹುಡುಕುತ್ತದಂತೆ.

ಮತದಾನದ ಹಿಂದಿನ ರಾತ್ರಿ ಆನೆ ಇಳಿದವು.
ತಾಲೂಕಿನಲ್ಲಿ ಯಾರ ಮನೆಯಲ್ಲೂ ಕೋವಿಯಿಲ್ಲ;
ಡಬ್ಬ ಬಡಿದರು, ಪಟಾಕಿ ಹಚ್ಚಿದರು.
ಎರಡು ಗಂಟೆಗೆ ಜವರಮ್ಮನ ಫೋನು.
ಶುಂಠಿ ಹೋಯಿತೆನ್ನುವಳು ಅಂದುಕೊಂಡೆ.
"ಮೇಡಂ, ನಂದು ಅಲ್ಲೇ ಐತಲ್ವಾ?"
ಐತೆ, ಮಲಗಮ್ಮ, ಅಂದೆ.
ನನ್ನ ಸೊಂಟದಲ್ಲಿ ಸರ್ಕಾರದ ಪಿಸ್ತೂಲು;
ವರ್ಷಕ್ಕೆ ಹತ್ತು ಗುಂಡು ಹೊಡೆಯುತ್ತೇನೆ ಹಲಗೆಗೆ,
ಆರು ಮಣ್ಣಿಗೆ.

ಎಣಿಕೆ ಮುಗಿಯಿತು. ಓಲೆ ಕಿತ್ತು ಎಲ್ಲರೂ ಒಯ್ದರು.
ಗೌಡರು ನಳಿಕೆ ಮೂಸಿ ನೋಡಿ, "ಯಾರಮ್ಮ ಇದು ಒರೆಸಿದ್ದು?" ಅಂದರು.
ಮಾಲ್‌ಖಾನೆಯಲ್ಲಿ ಉಳಿದದ್ದು ಒಂದು.
ಮಿಥುನ ಶುಕ್ರವಾರ ಬರುತ್ತಾನೆ, ಅರ್ಜಿಯ ಸುದ್ದಿ ಎತ್ತುವುದಿಲ್ಲ,
ಕಿಸೆಯಲ್ಲಿ ಎಣ್ಣೆಯ ಪುಟ್ಟ ಬುಡ್ಡಿ.
ಫಾರಂ ನನ್ನ ಡ್ರಾಯರಿನಲ್ಲೇ ಇದೆ.
'ಏತಕ್ಕೆ ಬೇಕು' ಎಂಬಲ್ಲಿ ಒಂದು ಪದ ಬರೆದು
ದಪ್ಪಗೆ ಹೊಡೆದು ಹಾಕಿದ್ದಾನೆ.
ಬೆಳಕಿಗೆ ಹಿಡಿದರೆ ಓದಬಹುದು.
ಹಿಡಿದಿಲ್ಲ.