ಐಸ್ ಪ್ಲಾಂಟಿನ ಖಾತೆವಹಿ

ಬೈತಖೋಲದ ಐಸ್ ಪ್ಲಾಂಟಿನಲ್ಲಿ ಲೆಕ್ಕ ಬರೆಯುವವಳು ನಾನು.
ಯಾವ ಬೋಟಿಗೆ ಎಷ್ಟು ಬ್ಲಾಕು, ಯಾರದು ನಗದು, ಯಾರದು ಉದ್ರಿ.
ಹಿಮದ ಬಗ್ಗೆ ನನಗೆ ತಿಳಿದಿರುವುದಿಷ್ಟೇ:
ಕರಗುವ ಮೊದಲು ಬರೆದುಕೊಳ್ಳಬೇಕು.

ತಂಗಿ ಉಲ್ಕಾ ಮೊದಲು ಜಾರಿದ್ದು ಇಲ್ಲೇ,
ಕ್ರಷರಿನ ಬಾಯಿಂದ ಬೋಟಿಗಿಳಿಯುವ ತಗಡಿನ ಮೇಲೆ,
ಪುಡಿ ಐಸಿನ ಜೊತೆಗೆ, ಏಳು ವರ್ಷದವಳು,
ಬಂಗಡೆ ತುಂಬುವ ಖಾನೆಯೊಳಗೆ ಧೊಪ್ಪನೆ.
ತಾಂಡೇಲಜ್ಜ ಬೈದ. ಅವಳಾಗಲೇ ಮತ್ತೆ ಮೇಲೆ ಹತ್ತಿದ್ದಳು.

ಆಮೇಲೆ ಎನ್‌ಸಿಸಿ, ಆಮೇಲೆ ಔಲಿ.
“ಇಲ್ಲಿ ಗುಡ್ಡಕ್ಕೆ ಗುಡ್ಡವೇ ಐಸು ಅಕ್ಕಾ,
ಯಾರೂ ಅದಕ್ಕೆ ದುಡ್ಡು ಕೇಳುವುದಿಲ್ಲ”
ಅಂದಳು ಮೊದಲ ಫೋನಿನಲ್ಲಿ.
ಎರಡನೆಯ ಫೋನಿನಲ್ಲಿ ದುಡ್ಡು ಕೇಳಿದಳು.
ಬೂಟಿಗೆ ಹೋಯಿತು ಆಯಿಯ ಎರಡು ಬಳೆ.
ಉಳಿದ ಸಾಲದ ಪುಟಗಳನ್ನು ಇಲ್ಲಿ ತೆರೆಯುವುದಿಲ್ಲ.

ಬೇಸಿಗೆಯಲ್ಲಿ ನೀರಿಗೆ ಹಾರಿ ಕಲಿಯುತ್ತಾರಂತೆ,
ಕಾಲಿಗೆ ಹಲಗೆ ಕಟ್ಟಿಕೊಂಡೇ,
ಕೆಳಗೆ ಗುಳ್ಳೆಯೆಬ್ಬಿಸಿ ಮೆತ್ತಗಾಗಿಸಿದ ಕೊಳ.
ಪರದೇಶದ ಕೋಚು ಬೆರಗಾದನಂತೆ,
ಬೀಳುವಾಗ ಈ ಹುಡುಗಿ ಕಣ್ಣು ಮುಚ್ಚುವುದೇ ಇಲ್ಲವಲ್ಲ!
ಧಕ್ಕೆಯ ಕಟ್ಟೆಯಿಂದ ಸಮುದ್ರಕ್ಕೆ ಲಾಗ ಹೊಡೆದೇ
ಬೆಳೆದವಳೆಂದು ಅವನಿಗೆ ಹೇಳುವವರಾರು?

ಒಂದು ಹಾರಾಟಕ್ಕೆ ಅಂಕ ಹಂಚುವುದು ಹೀಗೆ:
ಮೇಲೇರಿದ್ದಕ್ಕೆ ಇಪ್ಪತ್ತು,
ಗಾಳಿಯಲ್ಲಿ ಮೈ ಹಿಡಿದದ್ದಕ್ಕೆ ಐವತ್ತು,
ಇಳಿದದ್ದಕ್ಕೆ ಮೂವತ್ತು.
ಮೂವತ್ತೇ ಏನೇ? ಎಂದೆ.
ನಮ್ಮ ಬೋಟುಗಳಿಗೆ ದಡ ಮುಟ್ಟಿದ್ದಕ್ಕೇ ನೂರು.
ಅವಳು ನಗಲಿಲ್ಲ.

ಹತ್ತೊಂಬತ್ತು ಮಂದಿಯಲ್ಲಿ ಹದಿನೇಳನೆಯವಳು.
ಮತ್ತೊಮ್ಮೆ ಹದಿನೇಳು.
ಒಂದು ಸಲ, ಒಂದೇ ಒಂದು ಸಲ, ಹನ್ನೊಂದು.
ಅಂದು ಧಕ್ಕೆಯ ತುಂಬ ಲಾಡು ಹಂಚಿದೆ.
ಹನ್ನೊಂದಕ್ಕೂ ಲಾಡುವೇ? ಎಂದು ಕೇಳಿದವರಿಗೆ
ಎರಡೆರಡು ಕೊಟ್ಟೆ.

ಮಂಡಿಯೊಳಗೆ ಒಂದು ನಾರು.
“ಹಗ್ಗ ಕಡಿದ ಸದ್ದು ಕೇಳಿತು ಅಕ್ಕಾ” ಎಂದಳು, ಅಷ್ಟೇ.
ಬಲೆಯ ಹಗ್ಗ ಕಡಿಯುವ ಸದ್ದನ್ನು
ನಮ್ಮ ಮನೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಜೂನಿನಲ್ಲಿ ಬಂದಳು. ಬೋಟುಗಳಿಗೂ ಆಗ ರಜೆ,
ಒಂದಕ್ಕೊಂದು ಮೈ ತಾಗಿಸಿ ಮಲಗಿದ್ದವು.
ಅವಳ ಚೀಲದಲ್ಲೊಂದು ನೋಟ್‌ಬುಕ್ಕು,
ನೀರಿಗೆ ಹಾರಿದ್ದು, ಹಿಮಕ್ಕೆ ಹಾರಿದ್ದು, ಎಲ್ಲಕ್ಕೂ ಗೀಟು.
ಕೂಡಿದೆ: ಸಾವಿರದ ನಲವತ್ತು.
ಒಂದಕ್ಕೆ ಮೂರು ಸೆಕೆಂಡಿನಂತೆ
ಆರು ವರ್ಷಕ್ಕೆ ಗಾಳಿಯಲ್ಲಿ ಐವತ್ತೆರಡು ನಿಮಿಷ.

ಇಷ್ಟೇನೇ, ಎಂದೆ ನಾನು.
ಇಷ್ಟೊಂದಾ! ಎಂದಳು ಅವಳು,
ನೋಟ್‌ಬುಕ್ಕು ಕಸಿದುಕೊಂಡು ಮತ್ತೆ ತಾನೇ ಎಣಿಸಿದಳು.

ಆಗಸ್ಟು ಒಂದು. ಕ್ರಷರು ಗುಡುಗಿತು.
ಸಾಗರಲಕ್ಷ್ಮಿ, ನಲವತ್ತು ಬ್ಲಾಕು, ನಗದು.
ಜೈ ಸಾತೇರಿ, ಇಪ್ಪತ್ತೆಂಟು, ಉದ್ರಿ.
ಉಲ್ಕಾ, ಅರ್ಧ ಬುಟ್ಟಿ, ದಿನಕ್ಕೆರಡು ಸಲ.

ಸಂಜೆ ಮಾಲೀಕರು ಕನ್ನಡಕ ಏರಿಸಿ ಕೇಳಿದರು,
ಇದು ಯಾವ ಬೋಟು, ನಾನು ನೋಡಿಲ್ಲವಲ್ಲ?

ರಿಪೇರಿಗೆ ನಿಂತದ್ದು, ಎಂದೆ.