ಕೆಮಿ ಊರಿನ ಪಂಚಾಂಗ

ಮೂರು ಫ್ಲಾಪಿ. ನೀಲಿ ಪೆನ್ನಿನಲ್ಲಿ ಒಂದು, ಎರಡು, ಮೂರು.
ಮೂರನೆಯದರ ಮೇಲೆ ಕಾಫಿ ಲೋಟದ ಅರ್ಧಚಂದ್ರ.
ಕಾಗದದ ಮಿಲ್ಲಿನ ಎಲೆಕ್ಟ್ರಿಷಿಯನ್ ರೈಮೋ ಕಲ್ಲುಂಕಿ
ರಾತ್ರಿಪಾಳಿ ಮುಗಿಸಿ, ಬೂಟು ಬಿಚ್ಚದೆ,
ಅಡುಗೆಮನೆಯ ಮೇಜಿನ ಮೇಲೆ ಕಟ್ಟಿದ ಮಹಾನಗರ ಅದು:
ಹದಿನಾರೇ ಬಣ್ಣ. ಅದರಲ್ಲಿ ಆರು ನೇರಳೆಯವೇ ಎಂದು
ಅಕ್ಕ ಸಾತು ಜಗಳಕ್ಕೆ ನಿಲ್ಲುತ್ತಿದ್ದಳು.

ಇಸವಿ ಎರಡು ಸಾವಿರದ ಇಪ್ಪತ್ತೆರಡು. ಆಗ ಅದು ಭವಿಷ್ಯ.
ಎಲ್ಲರ ಕತ್ತಿನ ಹಿಂದೆ ಒಂದು ತೂತು, ತೂತಿಗೊಂದು ತಂತಿ,
ತಂತಿಯ ಆ ತುದಿಗೆ ಯಾವುದೋ ಕಂಪನಿಯ ಲೆಕ್ಕದ ಪುಸ್ತಕ.
ಟೆಲಿಫೋನ್ ಬೂತುಗಳು ಮಾತ್ರ ಬೀದಿಬೀದಿಗೆ ಇದ್ದವು;
ಪಾಪ, ಮೊಬೈಲು ಬರುವುದು ರೈಮೋಗೆ ಹೊಳೆದಿರಲಿಲ್ಲ.

ಆ ಊರಿನಲ್ಲಿ ನಾನು ರಕ್ತಪಿಶಾಚಿ.
ಎಂಟು ಚುಕ್ಕೆ ಅಗಲ, ಹದಿನಾರು ಚುಕ್ಕೆ ಎತ್ತರ,
ಕೋಟಿನ ಕಾಲರು ಮೂರು ಚುಕ್ಕೆ, ಕೋರೆಹಲ್ಲು ಒಂದೇ ಚುಕ್ಕೆ.
ಹೀರುವುದು ನೆತ್ತರಲ್ಲ; ನೆತ್ತರು ಅಲ್ಲಿ ಯಾರಲ್ಲೂ ಉಳಿದಿರಲಿಲ್ಲ.
ತೂತಿಗೆ ಹಲ್ಲಿಟ್ಟರೆ ನೆನಪು ಬರುತ್ತಿತ್ತು, ಬೆಚ್ಚಗೆ:
ಟ್ರಾಮ್ ಓಡಿಸುವವಳ ಮೊದಲ ಮುತ್ತು,
ಕಬ್ಬಿಣದ ಕೈಯ ಬಾಡಿಗೆ ಕೊಲೆಗಾರ
ಎಂದೋ ಸಾಕಿದ್ದ ಮೊಲದ ಬಿಳಿ ಹೊಟ್ಟೆ.
ಬೀಗ ತೆರೆಯುವ ಗುಟ್ಟಿನ ಸಂಖ್ಯೆಗಳೂ ಅದರೊಳಗೇ,
ಮೊಲದ ಕಿವಿಯ ಹಿಂದೆ ಎಲ್ಲೋ.

ಆದರೆ ಅವನ ಹೊಟ್ಟೆ ಚಿಕ್ಕದು. ಏಳೇ ಗೂಡು.
ಶುರುವಾಗುವಾಗಲೇ ಆಟ ಕೇಳುತ್ತಿತ್ತು, ಹಸಿರು ಅಕ್ಷರದಲ್ಲಿ:
"ಸಾಯುವ ಮೊದಲು ನಿನಗೆ ಬೇಕಾಗಿದ್ದ ಏಳು ಜನ?"
ಬರೆಯಬೇಕು. ಆಮೇಲೆ ಪ್ರತಿ ಕಡಿತಕ್ಕೂ
ಹೊಸದೊಂದು ಒಳಗೆ, ಹಳೆಯದೊಂದು ಹೊರಗೆ.
"ಯಾರನ್ನು ಮರೆಯಲಿ?"
ಕರ್ಸರ್ ಮಿಟುಕುತ್ತಾ ಕಾಯುತ್ತಿತ್ತು,
ವಸೂಲಿಗೆ ಬಂದವನ ಹಾಗೆ, ಅವಸರವಿಲ್ಲದೆ.
ಸಾತು ಮೊದಲು ಮರೆತದ್ದು ಗಣಿತದ ಮೇಷ್ಟರನ್ನು.
ನಾನು ಅಪ್ಪನನ್ನು. ಅವರು ಪಕ್ಕದ ಕೋಣೆಯಲ್ಲಿ
ಟೀವಿ ನೋಡುತ್ತಿದ್ದರು. ಎದ್ದುಹೋಗಿ ಇಣುಕಿದೆ. ಇದ್ದರು.

ಇನ್ನೊಂದು ಕಿತಾಪತಿ: ರೈಮೋ ಅದರೊಳಗೆ
ಕೆಮಿ ಊರಿನ ಪಂಚಾಂಗವನ್ನೇ ತುರುಕಿದ್ದ.
ಕಂಪ್ಯೂಟರಿನ ಗಡಿಯಾರ ನೋಡಿ, ಹೊರಗೆ ಸೂರ್ಯನಿದ್ದರೆ
ಶವಪೆಟ್ಟಿಗೆಯ ಮುಚ್ಚಳ ಏಳುತ್ತಿರಲಿಲ್ಲ.
ಡಿಸೆಂಬರು ನಮಗೆ ಹಬ್ಬ. ಇಪ್ಪತ್ತೊಂದು ಗಂಟೆ ಇರುಳು,
ಸಮುದ್ರ ಹೆಪ್ಪುಗಟ್ಟಿ, ಮಿಲ್ಲಿನ ಗಂಧಕದ ವಾಸನೆಯೂ ಹೆಪ್ಪುಗಟ್ಟಿ.
"ಕನ್ನಡಿ ನೋಡ್ಕೋ, ಕಾಣಿಸ್ತೀಯಾ?" ಎಂದು ಅಮ್ಮ ಕೇಳುವಷ್ಟು
ಬಿಳಿಚಿಕೊಂಡಿದ್ದೆವು.
ಜೂನಿನಲ್ಲಿ ಸೂರ್ಯ ಮುಳುಗುವುದೇ ಇಲ್ಲ.
ದಿನವೂ ಮುಚ್ಚಳ, ಮುಚ್ಚಳ, ಮುಚ್ಚಳ.
ಮೆಟ್ಟಿಲ ಬಳಿ ಅಡ್ಡಗಟ್ಟಿ ಕೇಳಿದರೆ ರೈಮೋ
"ಅವನಿಗೂ ಬೇಸಿಗೆ ರಜೆ ಬೇಡವಾ?" ಎಂದು
ಮೀನಿನ ಬುಟ್ಟಿ ಎತ್ತಿಕೊಂಡು ನಡೆದ.

ಈಗ ಇಪ್ಪತ್ತೆರಡನೇ ಇಸವಿಯೂ ಹಳೆಯ ಮಾತು.
ನನ್ನ ಕತ್ತಿನ ಹಿಂದೆ ತೂತಿಲ್ಲ, ನೋವಿದೆ.
ಅಟ್ಟದಿಂದ ಇಳಿಸಿದ ಕಂಪ್ಯೂಟರು ಕೆಮ್ಮಿ ಎದ್ದಿತು.
ಒಳಗಿನ ಪುಟ್ಟ ಬ್ಯಾಟರಿ ಸತ್ತು, ಅದಕ್ಕೆ ಎಷ್ಟು ಸಲ ಎದ್ದರೂ
ಒಂದನೇ ಜನವರಿ, ಎಂಬತ್ತನೇ ಇಸವಿ, ನಡುರಾತ್ರಿ.
ಹೊರಗೆ ಜೂನ್. ರಾತ್ರಿ ಹನ್ನೊಂದೂವರೆಯ ಬಿಸಿಲು
ಪರದೆಯ ಸಂದಿಯಿಂದ ನುಗ್ಗಿ ಕೀಬೋರ್ಡಿನ ಧೂಳು ಎಣಿಸುತ್ತಿದೆ.
ಮುಚ್ಚಳ ತೆರೆಯಿತು.

ಇನ್ನೂ ಯಾರನ್ನೂ ಕಚ್ಚದೆ, ನಡುವೆ ಬಿಟ್ಟುಹೋದ ಆಟ.
ಮೂವತ್ತು ವರ್ಷ ಹಸಿದವನು ಎದ್ದು, ಕಾಲರು ಸರಿಪಡಿಸಿಕೊಂಡು,
ನೇರಳೆ ಮಳೆಯಲ್ಲಿ ಮೊದಲ ಕತ್ತಿನ ಬಳಿ ನಿಂತ.
"ಯಾರನ್ನು ಮರೆಯಲಿ?"
ಏಳು ಹೆಸರು. ಹನ್ನೆರಡು ವರ್ಷದ ನಾನು ಬರೆದದ್ದು.
ಅಮ್ಮ. ಅಪ್ಪ. ಸಾತು. ಹೆಲ್ವಿ ಅಜ್ಜಿ. ನಾಯಿ ಮುಸ್ತಿ. ರೈಮೋ.
ಇರ್ಮೆಲಿ.

ಇರ್ಮೆಲಿ?

ಸಾತುಗೆ ಫೋನು ಮಾಡಿದೆ. "ನಿಮ್ಮ ಕ್ಲಾಸಿನವಳಾ?
ಲೈಬ್ರರಿ ಬಸ್ಸಿನವಳಾ? ಗೊತ್ತಿಲ್ಲ ಕಣೋ. ಮಲಗು."
ಶಾಲೆಯ ಫೋಟೋಗಳ ಹಿಂದೆಯೂ ಆ ಹೆಸರಿಲ್ಲ.
ಯಾರೂ ಕಚ್ಚಲಿಲ್ಲ, ಯಾವ ಗುಂಡಿಯನ್ನೂ ಒತ್ತಲಿಲ್ಲ,
ಏಳರಲ್ಲಿ ಒಬ್ಬಳಾಗಿದ್ದವಳು ಹೋಗಿಬಿಟ್ಟಿದ್ದಾಳೆ.
ಈ ಕಾಫಿ ಕಲೆಯ ಫ್ಲಾಪಿಯಲ್ಲಷ್ಟೇ
ಹಸಿರಾಗಿ, ಸ್ವಲ್ಪ ನಡುಗುತ್ತಾ, ಇದ್ದಾಳೆ.

ಕರ್ಸರ್ ಕಾಯುತ್ತಿದೆ.
ನನ್ನ ಕುತ್ತಿಗೆಯ ಮೇಲೆ ಬಂದು ಕೂತಿದೆ ಒಂದು ಸೊಳ್ಳೆ,
ಬಿಸಿಲಿಗೆ ಅಂಜದ್ದು.
ಹೊಡೆಯಲು ಎತ್ತಿದ ಕೈ ಹಾಗೇ ನಿಂತಿದೆ.
ಸರಿ, ಕುಡಿ.
ಅವನ ಪಾಲನ್ನೂ ನೀನೇ ಕುಡಿ.