ಸಹಿ ಹೊಂದುವುದಿಲ್ಲ

ವಾರವಿಡೀ ನನ್ನ ಕೆಲಸ ಅನುಮಾನ.
ಚೆಕ್ಕಿನ ಸಹಿ, ಕಾರ್ಡಿನ ಸಹಿ
ಪಕ್ಕಪಕ್ಕ ಕೂರಿಸಿ
ಬಾಲ ಉದ್ದಾಯಿತೋ, ಕೊಂಬು ಮೊಂಡಾಯಿತೋ ನೋಡುವುದು.
ಹೊಂದದಿದ್ದರೆ ಕೆಂಪು ಮಸಿ, ವಾಪಸು.

ರವಿವಾರ ಮಾತ್ರ ಅಮರಗೋಳದ ಉಳ್ಳಾಗಡ್ಡಿ ಗೋದಾಮಿನ ಅಟ್ಟ.
ಮಂದಿ ಕೊಟ್ಟ ಹಳೆಯ ಪುಸ್ತಕ ಅಲ್ಲಿಗೆ ಗೋಣಿಚೀಲದಲ್ಲಿ ಬರುತ್ತವೆ.
ಧೂಳು ಒರೆಸಿ, ಬೆನ್ನು ಮುರಿದದ್ದಕ್ಕೆ ಗೋಂದು ಹಚ್ಚಿ,
ಮೊದಲ ಪುಟದಲ್ಲಿ ಹೆಸರಿದ್ದರೆ ಬಿಳಿ ಚೀಟಿ ಅಂಟಿಸಬೇಕು.
ಫಕೀರವ್ವ ಟೀಚರ ಕಟ್ಟಪ್ಪಣೆ:
'ಉಟ್ಟು ಬಿಟ್ಟ ಅರಿವಿ ಕೊಟ್ಟಂಗ ಆಗಬಾರದು.'
ಎಷ್ಟು ಒರೆಸಿದರೂ ವಾಸನೆ ಮಾತ್ರ ಹೋಗದು.
ಓದುವಾಗ ಯಾರ ಕಣ್ಣಾದರೂ ತುಂಬಿದರೆ
ಅದು ಕಥೆಗೋ ಉಳ್ಳಾಗಡ್ಡಿಗೋ, ಹೇಳಲಾರೆ.

ಆಮೇಲೆ ಟಂಟಂ. ಮಂಟೂರ ರಸ್ತೆ, ರೇಲ್ವೆ ಗೇಟಿನ ಆಚೆ
ಬೇವಿನ ಗಿಡದ ಬುಡಕ್ಕೆ ತಾಡಪತ್ರಿ ಹಾಸಿ ಹರವಿದರೆ
ಹುಡುಗರು ಮೊದಲು ಕೇಳುವುದು, 'ಎಷ್ಟರೀ?'
'ಪುಕ್ಕಟೆ' ಅಂದರೆ ಎರಡು ಹೆಜ್ಜೆ ಹಿಂದೆ.
ಪುಕ್ಕಟೆ ಸಿಗುವುದು ಏನೇನೆಂದು ಅವರಿಗೆ ಗೊತ್ತು:
ಸೂಜಿ, ಭಾಷಣ.

ಹುಲಿಗೆವ್ವ ಸರಿಯಲಿಲ್ಲ. ನಾಲ್ಕನೇ ಇಯತ್ತೆ.
ತಿಮಿಂಗಿಲದ ಪುಸ್ತಕ ಎತ್ತಿಕೊಂಡು,
'ಇದು ಉಣಕಲ್ ಕೆರಿಯಾಗ ಹಿಡಿಸ್ತೈತೇನ್ರಿ?'
'ಇಲ್ಲವ್ವ, ಬಾಲ ಹೊರಗ ಉಳೀತದ.'
'ಎಲ್ಲೀ ತನಾ?'
ನನಗೇನು ಗೊತ್ತು? 'ಹೊಸೂರ ತನಾ' ಅಂದೆ.
ನಕ್ಕಳು. ಒಯ್ದಳು.

ಮುಂದಿನ ರವಿವಾರ
ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ, ನನ್ನ ಮುಂದಿಟ್ಟಳು.
'ನಾ ಕದ್ದಿಲ್ಲರೀ. ನೀವ ಕೊಟ್ಟೀರಿ. ಹೌದಲ್ರೀ?'
ಬಿಚ್ಚಿದೆ. ಮೊದಲ ಪುಟದ ಚೀಟಿ ಸರಿಯಾಗಿಯೇ ಇತ್ತು.
ಮೂವತ್ತೊಂದನೇ ಪುಟದಲ್ಲಿ, ತಿಮಿಂಗಿಲದ ಹೊಟ್ಟೆಯೊಳಗೆ,
ಪೆನ್ಸಿಲಿನಿಂದ ಒತ್ತಿ ಒತ್ತಿ ಬರೆದಿತ್ತು:
'ಈ ಪುಸ್ತಕ ಪ್ರಹ್ಲಾದ ಕಟಗೇರಿ ಇವನದು.
ಕದ್ದವರ ಕಣ್ಣು ಕುರುಡಾಗಲಿ. ೧೨-೮-೮೯.'

ವಾರದಿಂದ ಆಕೆ ದಿನಾ ಎದ್ದ ಕೂಡಲೇ
ಒಂದು ಕಣ್ಣು ಮುಚ್ಚಿ
ನಿಂತ ಗೂಡ್ಸ್ ಗಾಡಿಯ ಡಬ್ಬಿ ಎಣಿಸಿ,
ಕಣ್ಣು ಬದಲಿಸಿ ಮತ್ತೆ ಎಣಿಸಿ
ಲೆಕ್ಕ ತಾಳೆ ನೋಡುತ್ತಿದ್ದಳಂತೆ.

'ಅಳಿಸಿ ಬಿಡ್ರಿ, ಅದಕ್ಕೇನು' ಅಂದರು ಟೀಚರು.
ಆದರೆ ಅಳಿಸಿದ ಶಾಪ ಎಲ್ಲಿಗೂ ಹೋಗುವುದಿಲ್ಲ,
ಒಂಬತ್ತು ವರ್ಷದವರಿಗೆ ಇದು ಗೊತ್ತಿರುತ್ತದೆ.
'ಅಂವ ನನ್ನ ಗುರ್ತಿನಾಂವ. ಕೇಳಿಕೊಂಡು ಬರ್ತೇನಿ' ಅಂದೆ.

ಆ ವಾರ ಕೌಂಟರಿನಲ್ಲಿ ಮೂರು ಚೆಕ್ಕು ವಾಪಸು ಮಾಡಿದೆ.
ಗುರುವಾರ ರಾತ್ರಿ ಉಂಡ ಮೇಲೆ
ಪ್ರಹ್ಲಾದನ ಕೈ ಕಲಿಯಲು ಕೂತೆ.
'ಪ್ರ'ದ ಬಾಲವನ್ನು ಸಾಲಿನ ಕೆಳಗೆ ಜಗ್ಗುತ್ತಾನೆ.
'ಹ್ಲಾ'ದಲ್ಲಿ ಉಸಿರು ಕಟ್ಟಿ ಸೀಸ ಮುರಿದುಕೊಂಡಿದ್ದಾನೆ.
'ಟ'ಗೆ ಬಂದಾಗ ಅವಸರ, ಗಂಟೆ ಹೊಡೆದಿರಬೇಕು.
ರದ್ದಿಯ ಮೇಲೆ ಹನ್ನೊಂದು ಸಲ. ಹನ್ನೆರಡನೆಯದು ಹೊಟ್ಟೆಯೊಳಗೆ:
'ಹುಲಿಗೆವ್ವಗ ಕೊಟ್ಟೇನಿ. ಕಣ್ಣು ಚಲೋ ಇರಲಿ.
ಪ್ರಹ್ಲಾದ ಕಟಗೇರಿ.'
ಇಪ್ಪತ್ತಾರು ವರ್ಷದ ನೌಕರಿಯಲ್ಲಿ
ನಾನು ಹಾಕಿದ ಮೊದಲ ಖೊಟ್ಟಿ ಸಹಿ.

ಎರಡೂ ಬರಹದ ನಡುವೆ ಬೆರಳಿಟ್ಟು ನೋಡಿದಳು ಬಹಳ ಹೊತ್ತು
ನಾನು ನೋಡುವ ಹಾಗೆಯೇ, ಬಾಲ, ಕೊಂಬು.
'ಅಂವ ಇನ್ನೂ ಪೆನ್ಸಿಲ್ಲೀಲೇ ಬರೀತಾನೇನ್ರಿ?
ದೊಡ್ಡಾಂವ ಆಗಿಲ್ಲೇನು?'

ಗೇಟು ಬಿದ್ದಿತ್ತು. ಗಾಡಿ ಬಂತು, ಉದ್ದನೆಯ ಗಾಡಿ,
ಅದು ದಾಟುವ ತನಕ ಉತ್ತರ ಕೊಡದೆ ಉಳಿದುಕೊಂಡೆ.

'ಇರ್ಲಿ ಬಿಡ್ರಿ' ಅಂದಳು, ಪುಸ್ತಕ ಕಂಕುಳಿಗೆ ಸಿಕ್ಕಿಸಿ.
ನಾಲ್ಕು ಹೆಜ್ಜೆ ಹೋಗಿ, ತಿರುಗಿ:
'ಬಾಲ ಹೊಸೂರ ತನಾ ಅಂದಿದ್ರಿ. ಸುಳ್ಳು.
ಮೂವತ್ತು ಮೀಟರ್ ಅಷ್ಟ ಐತಿ.
ಕೆರಿಯಾಗ ಹಿಡಿಸ್ತೈತಿ.'